ಶ್ವಾಸಕೋಶದ ಉರಿಯೂತದಲ್ಲಿ ವೈರಾಣು ಪ್ರೋಟೀನುಗಳ ಪಾತ್ರ: ಇನ್‌ಫ್ಲುಯೆಂಜಾದ ನಿದರ್ಶನ

ಶ್ವಾಸಾಂಗದ ಸೋಂಕುಗಳಲ್ಲಿ ರೋಗಿಯ ಪ್ರಾಣಕ್ಕೆ ಸಂಚಕಾರ ತರುವುದು ವೈರಾಣುವಿನ ವೃದ್ಧಿಯೊಂದೇ ಅಲ್ಲ. ಅದರ ವಿರುದ್ಧ ದೇಹವು ಹೂಡುವ ಪ್ರತಿರೋಧವೂ ಮಿತಿಮೀರಿದಾಗ ಶ್ವಾಸಕೋಶವನ್ನು ಘಾಸಿಗೊಳಿಸುತ್ತದೆ. ಈ ಪ್ರತಿರೋಧದ ಗೋಚರ ರೂಪವೇ ಉರಿಯೂತ. ವೈರಾಣುವಿನ ಯಾವ ಪ್ರೋಟೀನುಗಳು ಅದನ್ನು ಪ್ರಚೋದಿಸುತ್ತವೆ, ಅದನ್ನು ತಡೆಯುವುದು ಯಾವಾಗ ಹಿತ, ಯಾವಾಗ ಅಹಿತ ಎಂಬುದು ಚಿಕಿತ್ಸೆಯ ದೃಷ್ಟಿಯಿಂದ ಮಹತ್ವದ ಪ್ರಶ್ನೆಯಾಗಿದೆ.

ಉರಿಯೂತದ ಸ್ವರೂಪ

ಶ್ವಾಸಕೋಶದ ಗಾಳಿಗೂಡುಗಳಿಗೂ ರಕ್ತಕ್ಕೂ ನಡುವೆ ಇರುವ ಪೊರೆ ಒಂದು ಮೈಕ್ರಾನಿಗಿಂತಲೂ ತೆಳುವಾದುದು. ಆಮ್ಲಜನಕವು ಸುಲಭವಾಗಿ ದಾಟಲು ಅನುಕೂಲವಾದ ಈ ತೆಳುವೇ ಉರಿಯೂತದ ಕಾಲದಲ್ಲಿ ದೌರ್ಬಲ್ಯವಾಗುತ್ತದೆ. ಸೋಂಕಿತ ಜೀವಕೋಶಗಳು ಸೈಟೋಕೈನ್‌ಗಳೆಂಬ ಸಂಕೇತ ಪ್ರೋಟೀನುಗಳನ್ನು ಸ್ರವಿಸುತ್ತವೆ. ಇವುಗಳ ಕರೆಗೆ ಓಗೊಟ್ಟು ಬಿಳಿ ರಕ್ತಕಣಗಳು ಧಾವಿಸುತ್ತವೆ, ರಕ್ತನಾಳಗಳ ಗೋಡೆ ಸಡಿಲಗೊಳ್ಳುತ್ತದೆ, ದ್ರವವು ಗಾಳಿಗೂಡುಗಳೊಳಗೆ ಸೋರುತ್ತದೆ. ಗಾಳಿ ಇರಬೇಕಾದೆಡೆಯಲ್ಲಿ ನೀರು ತುಂಬಿದಾಗ ಉಸಿರಾಟವೇ ದುಸ್ತರವಾಗುತ್ತದೆ.

ಎಂ2 ಪ್ರೋಟೀನು

ಇನ್‌ಫ್ಲುಯೆಂಜಾ ಎ ವೈರಾಣುವಿನ ಎಂ2 ಪ್ರೋಟೀನು 97 ಅಮೈನೋ ಆಮ್ಲಗಳಿಂದಾದುದು. ಇಂತಹ ನಾಲ್ಕು ಅಣುಗಳು ಕೂಡಿ ಪ್ರೋಟಾನುಗಳು ಹಾಯುವ ಕಾಲುವೆಯೊಂದನ್ನು ನಿರ್ಮಿಸುತ್ತವೆ. ಜೀವಕೋಶದೊಳಗೆ ವೈರಾಣುವಿನ ಹೊದಿಕೆ ಕಳಚಲು ಈ ಕಾಲುವೆ ಅಗತ್ಯ. ಆದರೆ ಇದು ಜೀವಕೋಶದ ಗಾಲ್ಗಿ ಸಂಕೀರ್ಣದಲ್ಲಿನ ಆಮ್ಲೀಯತೆಯನ್ನೂ ಏರುಪೇರು ಮಾಡುತ್ತದೆ. ಈ ಏರುಪೇರನ್ನು ಅಪಾಯದ ಸೂಚನೆಯೆಂದು ಗ್ರಹಿಸಿ ಎನ್‌ಎಲ್‌ಆರ್‌ಪಿ3 ಇನ್‌ಫ್ಲಮಸೋಮ್ ಎಂಬ ಪ್ರೋಟೀನು ಸಮುಚ್ಚಯವು ಜಾಗೃತವಾಗುತ್ತದೆಂದು 2010ರಲ್ಲಿ ತೋರಿಸಲಾಯಿತು. ಅದು ಕ್ಯಾಸ್ಪೇಸ್-1 ಎಂಬ ಕಿಣ್ವವನ್ನು ಕ್ರಿಯಾಶೀಲಗೊಳಿಸಿದಾಗ, ಪ್ರಬಲ ಉರಿಯೂತಕಾರಿಯಾದ ಇಂಟರ್‌ಲ್ಯೂಕಿನ್-1 ಬೀಟಾ ಬಿಡುಗಡೆಯಾಗುತ್ತದೆ. ಇಲ್ಲಿ ದೇಹವು ಗುರುತಿಸುವುದು ವೈರಾಣುವಿನ ಆಕಾರವನ್ನಲ್ಲ, ಅದು ಉಂಟುಮಾಡಿದ ಅವ್ಯವಸ್ಥೆಯನ್ನು.

ಪಿಬಿ1-ಎಫ್2 ಪ್ರೋಟೀನು

2001ರಲ್ಲಿ ಪತ್ತೆಯಾದ ಈ ಕಿರು ಪ್ರೋಟೀನು ಪಿಬಿ1 ಜೀನಿನಲ್ಲಿಯೇ ಅಡಗಿರುವ ಮತ್ತೊಂದು ಓದಿನಿಂದ ಹುಟ್ಟುತ್ತದೆ. ಇದು ಮೈಟೋಕಾಂಡ್ರಿಯಗಳನ್ನು ಸೇರಿ ರಕ್ಷಕ ಕೋಶಗಳ ಸಾವಿಗೆ ಕಾರಣವಾಗಬಲ್ಲದು. 1918ರ ಮಹಾಮಾರಿಯ ವೈರಾಣುವಿನಲ್ಲಿ ಇದರ 66ನೆಯ ಸ್ಥಾನದಲ್ಲಿ ಆಸ್ಪರಜೀನ್ ಬದಲು ಸೆರೀನ್ ಇತ್ತು. ಈ ಒಂದೇ ವ್ಯತ್ಯಾಸವು ಇಲಿಗಳಲ್ಲಿ ರೋಗವನ್ನು ಉಲ್ಬಣಗೊಳಿಸುತ್ತದೆಂದು 2007ರ ಸಂಶೋಧನೆ ತಿಳಿಸಿತು. ಭಾರತವೊಂದರಲ್ಲೇ ಒಂದು ಕೋಟಿಗೂ ಅಧಿಕ ಜನರನ್ನು ಬಲಿತೆಗೆದುಕೊಂಡ ಆ ಮಹಾಮಾರಿಯ ಸಮಸ್ತ ಭೀಕರತೆಗೆ ಇದೊಂದೇ ಕಾರಣವೆನ್ನಲಾಗದು. ಬಹುಪಾಲು ಸಾವುಗಳಲ್ಲಿ ಬ್ಯಾಕ್ಟೀರಿಯಾಗಳ ನ್ಯುಮೋನಿಯಾವೂ ಜೊತೆಗೂಡಿತ್ತು. 2009ರ ಮಹಾಮಾರಿಯ ಎಚ್1ಎನ್1 ವೈರಾಣುವಿನಲ್ಲಂತೂ ಪೂರ್ಣ ಪಿಬಿ1-ಎಫ್2 ಇರಲೇ ಇಲ್ಲ.

ಎನ್‌ಎಸ್1 ಪ್ರೋಟೀನು ಇವೆರಡಕ್ಕೆ ವಿರುದ್ಧವಾಗಿ ವರ್ತಿಸುತ್ತದೆ. ಅದು ಇಂಟರ್‌ಫೆರಾನ್ ಉತ್ಪತ್ತಿಯನ್ನು ಅಡಗಿಸುವುದರಿಂದ ವೈರಾಣುವಿಗೆ ಆರಂಭದಲ್ಲಿ ನಿರಾತಂಕವಾಗಿ ವೃದ್ಧಿಸಲು ಅವಕಾಶ ದೊರೆಯುತ್ತದೆ.

ಕಾಲದ ಪ್ರಶ್ನೆ

ಉರಿಯೂತವನ್ನು ಮೊದಲೇ ಅಡಗಿಸಿದರೆ ರೋಗ ಗುಣವಾಗುವುದೇ? ಪ್ರಯೋಗಗಳ ಉತ್ತರ ಅಷ್ಟು ಸರಳವಲ್ಲ. ಎನ್‌ಎಲ್‌ಆರ್‌ಪಿ3 ಇಲ್ಲದ ಇಲಿಗಳು ಇನ್‌ಫ್ಲುಯೆಂಜಾಕ್ಕೆ ಹೆಚ್ಚಾಗಿ ಬಲಿಯಾದುದು 2009ರಲ್ಲಿ ಕಂಡುಬಂದಿತು. 2016ರ ಅಧ್ಯಯನವೊಂದರಲ್ಲಿ ಅದೇ ಪ್ರೋಟೀನನ್ನು ಸೋಂಕಿನ ಆರಂಭದಲ್ಲಿ ತಡೆದಾಗ ಇಲಿಗಳ ಸ್ಥಿತಿ ಹದಗೆಟ್ಟಿತು. ಕೆಲವು ದಿನಗಳ ತರುವಾಯ ತಡೆದಾಗ ಸುಧಾರಿಸಿತು. ಮನುಷ್ಯರಲ್ಲಿ, ಬೇರೊಂದು ವೈರಾಣುವಿನ ಸಂದರ್ಭದಲ್ಲಿ, ಇದಕ್ಕೆ ಹೋಲುವ ಪಾಠ ದೊರೆಯಿತು. 2020ರಲ್ಲಿ ಬ್ರಿಟನ್ನಿನ ರಿಕವರಿ ಪರೀಕ್ಷೆಯಲ್ಲಿ ಡೆಕ್ಸಾಮೆಥಾಸೋನ್ ಔಷಧವು ಕೃತಕ ಉಸಿರಾಟದಲ್ಲಿದ್ದ ಕೋವಿಡ್ ರೋಗಿಗಳ ಸಾವನ್ನು ಸುಮಾರು ಮೂರನೆಯ ಒಂದು ಭಾಗದಷ್ಟು ತಗ್ಗಿಸಿತು. ಆಮ್ಲಜನಕದ ಅಗತ್ಯವಿಲ್ಲದವರಿಗೆ ಅದರಿಂದ ಪ್ರಯೋಜನವಾಗಲಿಲ್ಲ.

ಉಪಸಂಹಾರ

ಉರಿಯೂತವು ಶತ್ರುವೂ ಅಲ್ಲ, ನಿರಪಾಯಕಾರಿ ಮಿತ್ರನೂ ಅಲ್ಲ. ಮೊದಲ ದಿನಗಳಲ್ಲಿ ವೈರಾಣುವನ್ನು ನಿಗ್ರಹಿಸುವ ಅದೇ ಕ್ರಿಯೆ ಮುಂದೆ ಶ್ವಾಸಕೋಶವನ್ನು ನಾಶಮಾಡಬಲ್ಲದು. ಯಾವ ಪ್ರೋಟೀನು ಯಾವ ಹಂತದಲ್ಲಿ ಅದನ್ನು ಕೆರಳಿಸುತ್ತದೆಂಬ ತಿಳಿವಳಿಕೆಯು ಔಷಧದ ಆಯ್ಕೆಗೆ ಎಷ್ಟು ಅವಶ್ಯವೋ, ಅದನ್ನು ನೀಡುವ ಕಾಲದ ನಿರ್ಣಯಕ್ಕೂ ಅಷ್ಟೇ ಅವಶ್ಯ.