ಸವಣೂರಿನಿಂದ ಯುರೋಪಿಗೆ ಒಂದು ಸೆಮಿಸ್ಟರ್

ವಿನಿಮಯ ವಿದ್ಯಾರ್ಥಿ ಎಂದರೆ ಊರಿನ ಕಾಲೇಜಿನ ಹಾಜರಿ ಪುಸ್ತಕದಲ್ಲಿ ಹೆಸರು ಉಳಿಸಿಕೊಂಡೇ ಬೇರೆ ದೇಶದ ವಿಶ್ವವಿದ್ಯಾಲಯದಲ್ಲಿ ಒಂದು ಸೆಮಿಸ್ಟರೋ ಒಂದು ವರ್ಷವೋ ಓದಿ ಬರುವವರು. ಪದವಿ ಕೊಡುವುದು ಇಲ್ಲಿನ ವಿಶ್ವವಿದ್ಯಾಲಯವೇ. ಬೋಧನಾ ಶುಲ್ಕವನ್ನೂ ಸಾಮಾನ್ಯವಾಗಿ ಇಲ್ಲಿಯೇ ಕಟ್ಟುತ್ತಾರೆ. ಪೂರ್ತಿ ಎಂ.ಎಸ್. ಓದಲು ಜರ್ಮನಿಗೋ ಐರ್ಲೆಂಡಿಗೋ ಹೋಗುವ ದಾರಿಯೇ ಬೇರೆ. ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಮನೆಗಳಲ್ಲಿ ‘ಫಾರಿನ್‌ಗೆ ಓದಾಕ ಹೋಗ್ಯಾನ’ ಎಂಬ ಒಂದೇ ಮಾತಿನಲ್ಲಿ ಎರಡೂ ಸೇರಿಹೋಗುತ್ತವೆ. ಖರ್ಚಿನ ಲೆಕ್ಕಕ್ಕೆ ಕುಳಿತಾಗ ಮಾತ್ರ ಅಜಗಜಾಂತರ ಕಾಣುತ್ತದೆ.

ಈ ಸೀಮೆಯಿಂದ ಯುರೋಪಿಗೆ ಓದಲು ಹೋದವರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಕವಿ ವಿನಾಯಕ ಕೃಷ್ಣ ಗೋಕಾಕ. 1909ರ ಆಗಸ್ಟ್ 9ರಂದು ಸವಣೂರಿನಲ್ಲಿ ಹುಟ್ಟಿ, ಅಲ್ಲಿಯೇ ಶಾಲೆ ಕಲಿತು, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು ಅವರು. ಆ ಕಾಲೇಜನ್ನು ನಡೆಸುವ ಡೆಕ್ಕನ್ ಎಜುಕೇಶನ್ ಸೊಸೈಟಿ 1936ರಲ್ಲಿ ಅವರನ್ನು ಆಕ್ಸ್‌ಫರ್ಡಿಗೆ ಕಳಿಸಿತು. ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿ 1938ರಲ್ಲಿ ಮರಳಿದಾಗ ಅದೇ ಸಂಸ್ಥೆ ಅವರನ್ನು ಸಾಂಗಲಿಯ ವಿಲಿಂಗ್ಡನ್ ಕಾಲೇಜಿನ ಪ್ರಾಂಶುಪಾಲರನ್ನಾಗಿ ಮಾಡಿತು. ಹಡಗಿನ ಪಯಣ ಕನ್ನಡಕ್ಕೆ ‘ಸಮುದ್ರ ಗೀತೆಗಳು’ ಸಂಕಲನವನ್ನೂ ‘ಸಮುದ್ರದಾಚೆಯಿಂದ’ ಎಂಬ ಪ್ರವಾಸ ಕಥನವನ್ನೂ ತಂದುಕೊಟ್ಟಿತು. ಇಂದಿನ ಅರ್ಥದಲ್ಲಿ ಅದು ವಿನಿಮಯವಲ್ಲ, ಅವರು ಹೋದದ್ದು ಪದವಿಗೇ. ಆದರೆ ಒಂದು ಸಂಸ್ಥೆ ಕಳಿಸಿತು, ಅದೇ ಸಂಸ್ಥೆ ಕರೆಸಿಕೊಂಡಿತು. ವಿನಿಮಯದ ಜೀವಾಳವೂ ಇಷ್ಟೇ. ವಿದ್ಯಾರ್ಥಿ ಊರಿನಿಂದ ಹೊರಡುವುದಿಲ್ಲ, ಕಾಲೇಜಿನಿಂದ ಹೊರಡುತ್ತಾನೆ.

ಯುರೋಪಿನಲ್ಲಿ ಇದಕ್ಕೆ ಗಟ್ಟಿ ರೂಪ ಬಂದದ್ದು 1987ರಲ್ಲಿ, ಎರಾಸ್ಮಸ್ ಯೋಜನೆಯಿಂದ. ರಾಟರ್‌ಡ್ಯಾಮಿನ ಹಳೆಯ ವಿದ್ವಾಂಸ ಎರಾಸ್ಮಸ್‌ನ ಹೆಸರು ಹೊತ್ತ ಇದರಲ್ಲಿ ಮೊದಲ ವರ್ಷ 11 ದೇಶಗಳ 3,244 ವಿದ್ಯಾರ್ಥಿಗಳು ಒಬ್ಬರ ದೇಶಕ್ಕೆ ಮತ್ತೊಬ್ಬರು ಹೋಗಿ ಓದಿದರು. 2004ರಲ್ಲಿ ಬಂದ ಎರಾಸ್ಮಸ್ ಮುಂಡುಸ್ ಭಾರತದವರಿಗೂ ಬಾಗಿಲು ತೆರೆಯಿತು. ಇದು ಸೆಮಿಸ್ಟರ್ ವಿನಿಮಯವಲ್ಲ. ಎರಡು ಮೂರು ದೇಶಗಳ ವಿಶ್ವವಿದ್ಯಾಲಯಗಳು ಸೇರಿ ನಡೆಸುವ ಸ್ನಾತಕೋತ್ತರ ಪದವಿ. ಆಯ್ಕೆಯಾದವರಿಗೆ ತಿಂಗಳಿಗೆ 1,400 ಯೂರೋ ವಿದ್ಯಾರ್ಥಿವೇತನ. ಇದಕ್ಕೆ ಕಾಲೇಜಿನ ಒಪ್ಪಂದ ಬೇಕಿಲ್ಲ, ವಿದ್ಯಾರ್ಥಿ ನೇರವಾಗಿ ಅರ್ಜಿ ಹಾಕಬಹುದು. ಸಣ್ಣ ಊರಿನ ಕಾಲೇಜಿನಲ್ಲಿ ಪದವಿ ಮುಗಿಸಿದವರಿಗೆ ಇದಕ್ಕಿಂತ ನೇರವಾದ ದಾರಿ ಇಲ್ಲ.

ಸೆಮಿಸ್ಟರ್ ವಿನಿಮಯಕ್ಕೆ ಮಾತ್ರ ಎರಡು ವಿಶ್ವವಿದ್ಯಾಲಯಗಳ ನಡುವೆ ಒಪ್ಪಂದ ಇರಲೇಬೇಕು. ಇಲ್ಲಿಂದ ಒಬ್ಬರು ಅಲ್ಲಿಗೆ, ಅಲ್ಲಿಂದ ಒಬ್ಬರು ಇಲ್ಲಿಗೆ. ಇಬ್ಬರೂ ತಂತಮ್ಮಲ್ಲಿ ಶುಲ್ಕ ಕಟ್ಟುವುದರಿಂದ ಲೆಕ್ಕ ಸರಿಹೋಗುತ್ತದೆ. ತೊಡಕು ಇರುವುದೂ ಇಲ್ಲಿಯೇ. ಅಲ್ಲಿಂದ ಯಾರೂ ಬರದಿದ್ದರೆ ತಕ್ಕಡಿ ಒಂದೇ ಕಡೆ ವಾಲಿ ಒಪ್ಪಂದ ಕಾಗದದಲ್ಲಿ ಉಳಿಯುತ್ತದೆ. ಬರುವವರಿಗೆ ನೋಡಲು, ಕಲಿಯಲು ಈ ನಾಲ್ಕು ತಾಲ್ಲೂಕುಗಳಲ್ಲಿ ಏನೂ ಇಲ್ಲವೆನ್ನುವಂತಿಲ್ಲ. ಹಾನಗಲ್ಲಿನ ತಾರಕೇಶ್ವರ ಗುಡಿಯ ಕಲ್ಲಿನ ಕಮಲದ ಛತ್ತು, ಶರೀಫಜ್ಜನ ಶಿಶುನಾಳ, ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿರುವ ಜಾನಪದ ವಿಶ್ವವಿದ್ಯಾಲಯ ಒಂದೊಂದೂ ಒಂದು ಸೆಮಿಸ್ಟರಿನ ಪಾಠಕ್ಕೆ ಸಾಕು. ಆದರೂ ತಾಲ್ಲೂಕಿನ ಪದವಿ ಕಾಲೇಜು ತಾನಾಗಿ ವಿದೇಶದೊಡನೆ ಒಪ್ಪಂದ ಮಾಡಿಕೊಳ್ಳುವುದು ಅಪರೂಪ. ಅಂಥ ಕಾಗದ ಪತ್ರ ಸಾಗುವುದು ದೊಡ್ಡ ವಿಶ್ವವಿದ್ಯಾಲಯಗಳ ಮಟ್ಟದಲ್ಲಿ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ತಂದ ನಿಯಮಗಳು ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಜಂಟಿ ಪದವಿ, ಟ್ವಿನ್ನಿಂಗ್ ಕೋರ್ಸ್ ನಡೆಸಲು ಅವಕಾಶ ಕೊಟ್ಟಿವೆಯಾದರೂ, ಅದು ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್‌ನ 3.01 ಅಂಕದಂಥ ಮಟ್ಟ ಮುಟ್ಟಿದವರಿಗೆ ಮಾತ್ರ.

ಒಪ್ಪಂದ ಇದ್ದಲ್ಲಿ ಮೊದಲ ಕೆಲಸ ಲರ್ನಿಂಗ್ ಅಗ್ರಿಮೆಂಟ್. ಅಲ್ಲಿ ಯಾವ ವಿಷಯ ಓದಬೇಕು, ಅದು ಇಲ್ಲಿನ ಯಾವ ವಿಷಯಕ್ಕೆ ಸಮ ಎಂದು ಹೊರಡುವ ಮೊದಲೇ ಬರೆದು ವಿದ್ಯಾರ್ಥಿ ಮತ್ತು ಎರಡೂ ವಿಶ್ವವಿದ್ಯಾಲಯಗಳು ಸಹಿ ಹಾಕುತ್ತವೆ. ಯುರೋಪಿನ ಕ್ರೆಡಿಟ್ ಲೆಕ್ಕದಲ್ಲಿ ಒಂದು ಸೆಮಿಸ್ಟರಿಗೆ 30. ಇಲ್ಲಿ ಸಾಮಾನ್ಯವಾಗಿ 20ರ ಆಸುಪಾಸು. ಅಲ್ಲಿ ಒಂದು ಕ್ರೆಡಿಟ್ ಎಂದರೆ ಮನೆಯಲ್ಲಿ ಕುಳಿತು ಓದುವುದೂ ಸೇರಿ 25ರಿಂದ 30 ಗಂಟೆಯ ದುಡಿಮೆ. ಇಲ್ಲಿ ಲೆಕ್ಕಕ್ಕೆ ಹಿಡಿಯುವುದು ಮುಖ್ಯವಾಗಿ ತರಗತಿಯ ಗಂಟೆಗಳನ್ನು. ಅಂಕಗಳ ಬಗೆಯೂ ಬೇರೆ. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಬಂದರೆ ಕಷ್ಟಪಟ್ಟು ಪಾಸು. ಫ್ರಾನ್ಸಿನಲ್ಲಿ 20ಕ್ಕೆ, ಇಟಲಿಯಲ್ಲಿ 30ಕ್ಕೆ. ಮಗಳಿಗೆ ‘ಬರೇ ಒಂದು’ ಬಂತೆಂದು ಅಪ್ಪ ಅಮ್ಮ ಗಾಬರಿಯಾಗಬೇಕಿಲ್ಲ.

ದುಡ್ಡಿನ ಮಾತು. ಬೋಧನಾ ಶುಲ್ಕ ಉಳಿದರೂ ಬಾಡಿಗೆ, ಊಟ, ವಿಮೆ, ವಿಮಾನದ ಟಿಕೆಟ್ ಉಳಿಯುವುದಿಲ್ಲ. ವಿದ್ಯಾರ್ಥಿವೇತನ ಇಲ್ಲದೆ ಜರ್ಮನಿಗೆ ಹೋಗುವವರು ತಿಂಗಳಿಗೆ 992 ಯೂರೋದಂತೆ, ವರ್ಷಕ್ಕೆ 11,904 ಯೂರೋವನ್ನು ಬ್ಲಾಕ್ಡ್ ಅಕೌಂಟಿನಲ್ಲಿ ಇಟ್ಟು ತೋರಿಸಬೇಕೆಂಬುದು 2024ರ ಸೆಪ್ಟೆಂಬರಿನಿಂದ ಇರುವ ದರ. ಆ ಹಣ ಪ್ರತಿ ತಿಂಗಳು ಒಂದೊಂದು ಕಂತಾಗಿ ಕೈಗೆ ಬರುತ್ತದೆ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆ ಇದೆ. ಅದು ವಿದೇಶದಲ್ಲಿ ಪೂರ್ಣ ಪದವಿ ಓದುವವರಿಗಾಗಿ ಇರುವುದು, ಒಂದು ಸೆಮಿಸ್ಟರಿಗಲ್ಲ.

ಪಾಸ್‌ಪೋರ್ಟಿಗೆ ಹೋದಾಗ ಈ ಭಾಗದವರನ್ನು ಸತಾಯಿಸುವುದು ಅಡ್ಡಹೆಸರು. ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಧಾರಿನಲ್ಲಿ ಕೊನೆಗೆ, ನಡುವೆ ಅಪ್ಪನ ಹೆಸರು ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲ. ಪಾಸ್‌ಪೋರ್ಟೂ ಸೇರಿ ಮೂರೂ ಕಡೆ ಒಂದೇ ಆಗುವಂತೆ ಮೊದಲ ವರ್ಷದಲ್ಲಿಯೇ ಸರಿಪಡಿಸಿಕೊಂಡವರು ಜಾಣರು. 90 ದಿನ ಮೀರಿದ ವಾಸಕ್ಕೆ ಶೆಂಗೆನ್ ಪ್ರವಾಸಿ ವೀಸಾ ನಡೆಯುವುದಿಲ್ಲ. ಓದುವ ದೇಶದ್ದೇ ದೀರ್ಘಾವಧಿ ವೀಸಾ ಬೇಕು, ಅದರ ಕೆಲಸ ಹೆಚ್ಚಾಗಿ ಬೆಂಗಳೂರಿನಲ್ಲಿ. ಅಲ್ಲಿಗೆ ತಲುಪಿದ ಮೇಲೆ, ಜರ್ಮನಿಯಾದರೆ, ಮನೆ ಸಿಕ್ಕ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಆ ಚೀಟಿ ಇಲ್ಲದಿದ್ದರೆ ಬ್ಯಾಂಕ್ ಖಾತೆಯೂ ಕಷ್ಟ.

ಊಟದ ಬುತ್ತಿಗೂ ಕಾನೂನು ಉಂಟು. ಹೊರದೇಶದ ಹಾಲಿನ ಪದಾರ್ಥಗಳನ್ನು ಯುರೋಪಿಯನ್ ಒಕ್ಕೂಟ ಒಳಗೆ ಬಿಡುವುದಿಲ್ಲವಾದ್ದರಿಂದ ಮನೆಯ ತುಪ್ಪ ಊರಲ್ಲೇ ಉಳಿಯಬೇಕು. ಹೆಸರಾದ ಸವಣೂರಿನ ವೀಳ್ಯದೆಲೆಯೂ ಅಷ್ಟೇ, ಹಸಿ ಎಲೆಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಜೋಳದ ಹಿಟ್ಟು, ಶೇಂಗಾ ಚಟ್ನಿ, ಬ್ಯಾಡಗಿ ಖಾರದ ಪುಡಿಗೆ ತಕರಾರಿಲ್ಲ. ಖಡಕ್ ರೊಟ್ಟಿ ಕೆಡದೆ ಬಹಳ ದಿನ ನಿಲ್ಲುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲಾಗುವ ಊರುಗಳಲ್ಲಿ ಅದರ ಬೆಲೆ ತಿಳಿಯುತ್ತದೆ.

ಪರೀಕ್ಷೆ ಮುಗಿಸಿ ಬಂದ ಮೇಲೆ ಅಲ್ಲಿನ ಟ್ರಾನ್ಸ್‌ಕ್ರಿಪ್ಟ್ ತಲುಪಲು ಕೆಲವು ವಾರ ಹಿಡಿಯುತ್ತದೆ. ಧಾರವಾಡವೋ ಬೆಳಗಾವಿಯೋ, ಇಲ್ಲಿನ ವಿಶ್ವವಿದ್ಯಾಲಯ ಅದನ್ನು ನೋಡಿ ಕ್ರೆಡಿಟ್ ಸೇರಿಸುವವರೆಗೆ ಆ ಸೆಮಿಸ್ಟರಿನ ಫಲಿತಾಂಶ ತಡೆದಿರುತ್ತದೆ.