ಎರೆ ಮಣ್ಣಿಗೆ ಬೈಕ್ ಸಜ್ಜು ಮಾಡೋಣ

ಕೃಷ್ಣಾ, ತುಂಗಭದ್ರೆಯ ನಡುವಿನ ಸೀಮೆ ನಮ್ಮ ಇಟಿಕ್ಯಾಲ. ಎರ್ರವಲ್ಲಿ ಚೌರಸ್ತಾದಲ್ಲಿ 44ನೇ ಹೆದ್ದಾರಿ ಬಿಟ್ಟು ಹೊಲದ ದಾರಿಗೆ ಇಳಿದರೆ ಸಾಕು, ಬೈಕಿಗೆ ಪರೀಕ್ಷೆ ಶುರು.

ಹಿಮಾಲಯನ್ 411 ಇರಲಿ, ಎಕ್ಸ್‌ಪಲ್ಸ್ 200 ಇರಲಿ, ಮುಂದೆ 21 ಇಂಚಿನ ಸ್ಪೋಕ್ ಚಕ್ರ, ನೆಲದಿಂದ 220 ಮಿಲಿಮೀಟರ್ ಎತ್ತರ. ಕಲ್ಲು, ಗುಂಡಿಗೆ ಅಷ್ಟು ಸಾಕು. ಮಳೆ ಬಿದ್ದ ಎರೆ ಮಣ್ಣಿಗೆ ಸಾಲದು! ಜಿಗುಟು ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿ ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಆಗ ಆಕ್ಸಲರೇಟರ್ ತಿರುವುತ್ತಲೇ ಇದ್ದರೆ ಕ್ಲಚ್ ಪ್ಲೇಟ್ ಸುಡುತ್ತದೆ. ಇಳಿಯಿರಿ, ಕಟ್ಟಿಗೆಯಿಂದ ಕೆರೆದು ತೆಗೆಯಿರಿ.

ಮನೆಗೆ ಬಂದ ಮೇಲೆ ಮೊದಲು ಚೈನ್ ನೋಡಿ. ಸೀಮೆಎಣ್ಣೆ, ಮೆತ್ತನೆ ಬ್ರಷ್, ಒಣ ಬಟ್ಟೆ, ಆಮೇಲೆ ಚೈನ್ ಲ್ಯೂಬ್. ಪೆಟ್ರೋಲ್ ಮಾತ್ರ ಬೇಡವೇ ಬೇಡ. ಕೊಂಡಿಯೊಳಗಿನ ಗ್ರೀಸ್ ಕಾಯುವ ರಬ್ಬರ್ ಉಂಗುರಗಳು ಅದರಿಂದ ಹಾಳಾಗುತ್ತವೆ. ಬೇಸಿಗೆಯ ಧೂಳಿನಲ್ಲಿ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ಸರ್ವಿಸ್ ದಿನಕ್ಕೆ ಕಾಯದೆ ಬಿಚ್ಚಿ ನೋಡಿ.

ಇನ್ನೊಂದು ಮಾತು. ಈ ಎರಡೂ ಬೈಕಿಗೆ ಟ್ಯೂಬ್ ಟೈರ್. ಪಂಕ್ಚರ್ ಆದರೆ ಸಾಮಾನ್ಯವಾಗಿ ಚಕ್ರ ಬಿಚ್ಚಬೇಕು. ಅಲಂಕಾರದ ಲೈಟು, ಪೆಟ್ಟಿಗೆ ಕೊಳ್ಳುವ ಮೊದಲು ಟ್ಯೂಬ್, ಟೈರ್ ಲಿವರ್, ಆಕ್ಸಲ್ ಸ್ಪಾನರ್, ಕೈಪಂಪು ತಗೊಂಡು ಸೀಟಿನ ಹಿಂದೆ ಕಟ್ಟಿ.