ಹಿಂಗಾರಿಗೆ ಮುನ್ನ ಅಂಗಳದ ನೀರಿಗೆ ದಾರಿ ಮಾಡಿ

ಚೆನ್ನೈ: ಊರಿನಲ್ಲಿ ನವರಾತ್ರಿ ಬಂತೆಂದರೆ ಮಳೆಗಾಲ ಕಳೆಯಿತೆಂಬ ನೆಮ್ಮದಿ. ಚೆನ್ನೈನಲ್ಲಿ ಮನೆ ಕಟ್ಟಿಕೊಂಡ ಕನ್ನಡಿಗರಿಗೆ ಆತಂಕ ಆರಂಭವಾಗುವುದೇ ಆಗ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲಿ ಗೇಟಿನ ಒಳಗೆ ನೀರು ನಿಲ್ಲುತ್ತದೆ. ನೀರು ಇಳಿದ ಮೇಲೂ ಗೋಡೆಯ ತೇವ ಇಳಿಯುವುದಿಲ್ಲ. ಸಂಕ್ರಾಂತಿಗೆ ಬಳಿದ ಬಣ್ಣ ಯುಗಾದಿಯ ಹೊತ್ತಿಗೆ ಹಪ್ಪಳದಂತೆ ಉಬ್ಬಿ ಉದುರುತ್ತದೆ.

ಬ್ಯಾಂಕಿನಲ್ಲೋ ಹೋಟೆಲಿನಲ್ಲೋ ದುಡಿದು, ಸಾಲ ತೀರಿಸಿ, ನಂಗನಲ್ಲೂರು, ಮಡಿಪಾಕ್ಕಂ, ವೇಳಚ್ಚೇರಿ, ತಾಂಬರಂ ಕಡೆ ಮನೆ ಮಾಡಿಕೊಂಡ ಅನೇಕರ ಕಥೆ ಹೆಚ್ಚುಕಡಿಮೆ ಒಂದೇ. ಕಟ್ಟುವಾಗ ಬೀದಿಯಿಂದ ಎರಡು ಮೆಟ್ಟಿಲು ಹತ್ತಿ ಒಳಗೆ ಹೋಗಬೇಕಿತ್ತು. ಹಳೆಯ ಡಾಂಬರಿನ ಮೇಲೆಯೇ ಹೊಸ ಡಾಂಬರು ಬೀಳುತ್ತ ಬಂದು ಈಗ ಮೆಟ್ಟಿಲು ಇಳಿದು ಒಳಗೆ ಹೋಗಬೇಕಾಗಿದೆ. ಮಕ್ಕಳು ಬೇರೆ ಊರಿನಲ್ಲಿ, ವಯಸ್ಸಾದ ದಂಪತಿ ಮಾತ್ರ ಇಲ್ಲಿ. ಮನೆ ಮಾರುವುದೋ, ಖರ್ಚು ಮಾಡಿ ಉಳಿಸಿಕೊಳ್ಳುವುದೋ ಎಂಬ ಪ್ರಶ್ನೆ ಪ್ರತಿ ಮಳೆಗಾಲವೂ ಬಾಗಿಲು ತಟ್ಟುತ್ತದೆ.

ಮಳೆ ಕಡಿಮೆ, ನೀರು ಹೆಚ್ಚು

ಉಡುಪಿಯಲ್ಲಿ ವರ್ಷಕ್ಕೆ 4,000 ಮಿ.ಮೀ.ಗೂ ಹೆಚ್ಚು ಮಳೆ. ಚೆನ್ನೈನಲ್ಲಿ ಸುಮಾರು 1,400 ಮಿ.ಮೀ. ಆದರೆ ಅಲ್ಲಿ ನೆಲ ಇಳಿಜಾರು, ಮುರಕಲ್ಲಿನ ಮಣ್ಣು. ಬಿದ್ದ ನೀರು ತೋಡು ಸೇರಿ ಹೊಳೆಗೆ ಹೋಗುತ್ತದೆ. ಚೆನ್ನೈ ಸಮುದ್ರಮಟ್ಟಕ್ಕಿಂತ ಸ್ವಲ್ಪವೇ ಎತ್ತರದಲ್ಲಿರುವ ಸಪಾಟು ನೆಲ. ವರ್ಷದ ಅರ್ಧಕ್ಕಿಂತ ಹೆಚ್ಚು ಮಳೆ ಮೂರೇ ತಿಂಗಳಲ್ಲಿ ಸುರಿಯುತ್ತದೆ. ಮೇಲಾಗಿ ಊರು ಬೆಳೆದದ್ದು ಕೆರೆಗಳ ಮೇಲೆ. ತ್ಯಾಗರಾಯನಗರವೇ 1920ರ ದಶಕದಲ್ಲಿ ಮಾಂಬಲದ ಕೆರೆಯನ್ನು ಬತ್ತಿಸಿ ಮಾಡಿದ ಬಡಾವಣೆ. ವೇಳಚ್ಚೇರಿ, ಮಡಿಪಾಕ್ಕಂ ಕಡೆಯ ನೀರು ಹಿಂದಿನಿಂದಲೂ ಪಳ್ಳಿಕರಣೆ ಜೌಗಿಗೆ ಹರಿಯುತ್ತಿತ್ತು. 2015ರ ಡಿಸೆಂಬರ್ ಮತ್ತು 2023ರ ಡಿಸೆಂಬರ್‌ನ ಮಿಚಾಂಗ್ ಚಂಡಮಾರುತದಲ್ಲಿ ನೀರು ತನ್ನ ಹಳೆಯ ಜಾಗವನ್ನೇ ಹುಡುಕಿಕೊಂಡು ಬಂತು.

ಅಂಥ ಮಹಾಪೂರವನ್ನು ಒಂದು ಮನೆಯವರು ತಡೆಯಲಾರರು. ಆದರೆ ವರ್ಷವರ್ಷದ ಸಾಮಾನ್ಯ ಮಳೆಗೆ ಮನೆ ಹಾಳಾಗದಂತೆ ನೋಡಿಕೊಳ್ಳಬಹುದು.

ಗೋಡೆಗೆ ಬಣ್ಣ ಮದ್ದಲ್ಲ

ನಾವು ಪಂಚಾಂಗ ಎನ್ನುವುದನ್ನು ಇಲ್ಲಿನ ಮೇಸ್ತ್ರಿಗಳು ಬೇಸ್‌ಮೆಂಟ್ ಎನ್ನುತ್ತಾರೆ. ಅದರ ಬುಡದಲ್ಲಿ ನೀರು ನಿಂತರೆ ಇಟ್ಟಿಗೆಯು ದೀಪದ ಬತ್ತಿ ಎಣ್ಣೆ ಎಳೆದಂತೆ ಅದನ್ನು ಮೇಲಕ್ಕೆ ಎಳೆಯುತ್ತದೆ. ಸಾಮಾನ್ಯವಾಗಿ ಮೂರಡಿಯವರೆಗೆ ಏರುವ ಈ ತೇವ ಮಣ್ಣಿನ ಉಪ್ಪನ್ನೂ ತರುತ್ತದೆ. ಗೋಡೆಯ ಮೇಲೆ ಕಾಣುವ ಬಿಳಿ ಪುಡಿ ಅದೇ. ಅದರ ಮೇಲೆ ಪುಟ್ಟಿ, ಬಣ್ಣ ಹಚ್ಚಿದರೆ ಹಣ ದಂಡ. ಟೈಲ್ಸ್ ಅಂಟಿಸಿದರೆ ಒಳಗಿನ ತೇವ ಆರಲು ದಾರಿಯಿಲ್ಲದೆ ಇನ್ನೂ ಮೇಲಕ್ಕೆ ಹೋಗುತ್ತದೆ.

ಇದನ್ನು ತಡೆಯಲು ಪಂಚಾಂಗದ ಮೇಲೆ ತೇವನಿರೋಧಕ ಪದರ ಹಾಕಿರುತ್ತಾರೆ. ರಸ್ತೆ ಏರಿತೆಂದು ಅಂಗಳಕ್ಕೆ ಲಾರಿಗಟ್ಟಲೆ ಮಣ್ಣು ತುಂಬಿಸುವವರು ಇಲ್ಲಿಯೇ ಎಡವುತ್ತಾರೆ. ಮಣ್ಣು ಆ ಪದರಕ್ಕಿಂತ ಮೇಲೆ ಬಂದರೆ ತೇವ ಅದನ್ನು ದಾಟಿ ನೇರವಾಗಿ ಗೋಡೆಗೇ ಹೋಗುತ್ತದೆ. ಅಂಗಳದ ನೀರು ಪಕ್ಕದ ಮನೆಗೆ ಹರಿದು ಜಗಳವೂ ಹುಟ್ಟುತ್ತದೆ. ಪದರವೇ ಇಲ್ಲದ ಹಳೆಯ ಮನೆಗಳಲ್ಲಿ ಗಾರೆ ಕೆತ್ತಿ, ಗೋಡೆಗೆ ತೂತು ಕೊರೆದು ರಾಸಾಯನಿಕ ತುಂಬುವ ವಿಧಾನವಿದೆ. ಆದರೆ ಬುಡದ ನೀರನ್ನು ದೂರ ಮಾಡದೆ ಅದಕ್ಕೆ ಕೈ ಹಾಕುವುದು ವ್ಯರ್ಥ.

ಮಾಡಬೇಕಾದದ್ದೇನು?

ಮೊದಲ ಜೋರು ಮಳೆಗೆ ಕೊಡೆ ಹಿಡಿದು ಮನೆಯ ಸುತ್ತ ಒಂದು ಸುತ್ತು ಬನ್ನಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಗುರುತು ಹಾಕಿಕೊಳ್ಳಿ. ಎಷ್ಟೋ ಮನೆಗಳಲ್ಲಿ ತಾರಸಿಯ ಪೈಪೇ ಗೋಡೆಯ ಬುಡಕ್ಕೆ ನೀರು ಸುರಿಯುತ್ತಿರುತ್ತದೆ. ಅದನ್ನು ನಾಲ್ಕೈದು ಅಡಿ ಆಚೆಗೆ ಒಯ್ಯಿರಿ. ಮಳೆನೀರು ಕೊಯ್ಲಿನ ಗುಂಡಿಗೆ ಸೇರಿಸಿದರೆ ಇನ್ನೂ ಒಳ್ಳೆಯದು. 2003ರಲ್ಲಿ ತಮಿಳುನಾಡು ಸರ್ಕಾರ ಕಡ್ಡಾಯ ಮಾಡಿದಾಗ ತೋಡಿದ ಗುಂಡಿಗಳಲ್ಲಿ ಹಲವು ಇಂದು ಹೂಳು ತುಂಬಿ ಮುಚ್ಚಿವೆ. ಸೆಪ್ಟೆಂಬರ್‌ನಲ್ಲೇ ಹೂಳು ತೆಗೆಸಿ. ಅಡ್ಯಾರ್, ಬೆಸೆಂಟ್ ನಗರದ ಮರಳುನೆಲ ನೀರನ್ನು ಬೇಗ ಕುಡಿಯುತ್ತದೆ. ಜೇಡಿಮಣ್ಣಿನ ಕಡೆ ಗುಂಡಿ ಸಾಲದು, ಆಳದ ಇಂಗುಬಾವಿ ಬೇಕು.

ಅಂಗಳದ ಇಳಿಜಾರು ಗೋಡೆಯಿಂದ ಆಚೆಗೆ ಇರಲಿ. ಸಿಮೆಂಟ್ ಹಾಕಿದ್ದರೆ 5 ಅಡಿಗೆ ಒಂದು ಇಂಚು ಸಾಕು. ಮಣ್ಣಿನ ಅಂಗಳವಾದರೆ 10 ಅಡಿಗೆ 6 ಇಂಚು ಬೇಕು.

ರಸ್ತೆಯೇ ಎತ್ತರದಲ್ಲಿದ್ದರೆ ನೀರು ತಾನಾಗಿ ಹೊರಗೆ ಹೋಗದು. ಆಗ ಕಾಂಪೌಂಡ್ ಗೋಡೆಯ ಪಕ್ಕ ಸಣ್ಣ ಕಾಲುವೆ ಮಾಡಿ, ಮೂಲೆಯ ಗುಂಡಿಗೆ ನೀರು ಸೇರಿಸಿ, ಪಂಪಿನಿಂದ ಹೊರಹಾಕಬೇಕು. ಹೋದ ನೀರು ತಿರುಗಿ ಬಾರದಂತೆ ಪೈಪಿಗೆ ವಾಲ್ವ್ ಇರಲಿ. ಸ್ನಾನಗೃಹದ ಒಳಚರಂಡಿ ಪೈಪಿಗೂ ಇಂಥದೇ ವಾಲ್ವ್ ಹಾಕಿಸಿದರೆ ಕೊಳಚೆ ಒಳನುಗ್ಗುವುದು ತಪ್ಪುತ್ತದೆ. ಕುಡಿಯುವ ನೀರಿನ ಸಂಪಿನ ಕಟ್ಟೆ ಎತ್ತರಿಸಿ.

ಇನ್ನೊಂದು ಮಾತು. ಬೀದಿಯಲ್ಲಿ ನೀರು ನಿಂತಾಗ ಮ್ಯಾನ್‌ಹೋಲ್ ಮುಚ್ಚಳ ತೆಗೆದು ಬಿಡುವುದು ಹಲವೆಡೆ ರೂಢಿ. ಮಳೆನೀರು ಹೋಗಬೇಕಾದದ್ದು ಕಾರ್ಪೊರೇಷನ್ನಿನ ಮಳೆನೀರು ಚರಂಡಿಗೆ. ಮೆಟ್ರೋ ವಾಟರ್‌ನ ಒಳಚರಂಡಿಗೆ ಬಿಟ್ಟರೆ ತಗ್ಗಿನ ಮನೆಯ ಶೌಚಾಲಯದಲ್ಲಿ ಅದು ಉಕ್ಕುತ್ತದೆ. ತೆರೆದ ಗುಂಡಿ ಯಾರ ಜೀವಕ್ಕಾದರೂ ಎರವಾಗಬಹುದು.

ಕಾರಿಗಿಂತ ಜೀವ ದೊಡ್ಡದು

ಅಪಾರ್ಟ್‌ಮೆಂಟ್‌ಗಳ ನೆಲಮಾಳಿಗೆ ಪಾರ್ಕಿಂಗ್‌ಗೆ ಇಳಿಯುವ ದಾರಿಯ ಬಾಯಲ್ಲಿ ದಿಬ್ಬ ಮತ್ತು ಜಾಲರಿ ಕಾಲುವೆ, ಒಳಗೆ ಎರಡು ಪಂಪು ಇರಬೇಕು. ವಿದ್ಯುತ್ ಪ್ಯಾನೆಲ್ ನೆಲಮಾಳಿಗೆಯಲ್ಲಿ ಬೇಡವೇ ಬೇಡ. 2025ರ ಮೇ ತಿಂಗಳಲ್ಲಿ ಬೆಂಗಳೂರಿನ ಬಿಟಿಎಂ ಲೇಔಟ್ ಕಡೆಯ ಅಪಾರ್ಟ್‌ಮೆಂಟೊಂದರಲ್ಲಿ ನೆಲಮಾಳಿಗೆಯ ನೀರು ಹೊರಹಾಕುವಾಗ ವಿದ್ಯುತ್ ತಗುಲಿ ಇಬ್ಬರು ಸತ್ತರು. ಅವರಲ್ಲೊಬ್ಬ ಪುಟ್ಟ ಹುಡುಗ. ಮೇನ್ ಆಫ್ ಆಗದೆ ಯಾರೂ ನೀರಿಗೆ ಇಳಿಯಕೂಡದು.

ಮನೆಯನ್ನೇ ಜ್ಯಾಕ್ ಕೊಟ್ಟು ಎತ್ತಿಸುವ ಕೆಲಸ ಚೆನ್ನೈನಲ್ಲಿ ನಡೆಯುತ್ತಿದೆ. ಅದು ದುಬಾರಿ, ಅಪಾಯವೂ ಇದೆ. ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಮುಂಗಡ ಕೊಡಬೇಡಿ.

ರಸ್ತೆ ಏರುವುದನ್ನು ತಡೆಯುವುದು ಒಬ್ಬರ ಕೆಲಸವಲ್ಲ. ಹಳೆಯ ಡಾಂಬರನ್ನು ಕೆರೆದು ತೆಗೆದ ಮೇಲೆಯೇ ಹೊಸತು ಹಾಕಬೇಕೆಂದು ತಮಿಳುನಾಡಿನ ಮುಖ್ಯ ಕಾರ್ಯದರ್ಶಿಗಳು 2021ರಲ್ಲಿ ಸೂಚಿಸಿದ್ದಾರೆ. ರಸ್ತೆ ಕೆಲಸ ಆರಂಭವಾದ ದಿನವೇ ಬೀದಿಯವರೆಲ್ಲ ಸೇರಿ ಇದನ್ನು ಕೇಳಬೇಕು. ಕನ್ನಡ ಸಂಘಗಳೂ ರಾಜ್ಯೋತ್ಸವದ ಸಿದ್ಧತೆಯ ನಡುವೆ ಸೆಪ್ಟೆಂಬರ್‌ನ ಒಂದು ಭಾನುವಾರವನ್ನು ಇದಕ್ಕೆ ಮೀಸಲಿಡಬಹುದು. ಒಂಟಿಯಾಗಿರುವ ಹಿರಿಯ ಸದಸ್ಯರ ಮನೆಗೆ ನಾಲ್ವರು ಹೋಗಿ ಗುಂಡಿ, ಪೈಪು, ಪಂಪು ನೋಡಿ ಬಂದರೆ ಸಾಕು. ಜೀವಮಾನದ ಉಳಿತಾಯ ಹಾಕಿ ಕಟ್ಟಿದ ಮನೆಯಲ್ಲಿ ಅವರು ಈ ಹಿಂಗಾರನ್ನು ನಿಶ್ಚಿಂತೆಯಿಂದ ಕಳೆಯಬಹುದು.